ಹಾಲು ಬಿಡಿಸಿದ ನಂತರ ಸ್ತನದ ಶಸ್ತ್ರಚಿಕಿತ್ಸೆ: ಮುಂಬಯಿಯ ಸದಸ್ಯೆಯರ ಪ್ರಶ್ನೆಗಳಿಗೆ ಪ್ಲಾಸ್ಟಿಕ್ ಸರ್ಜನ್ ಅವರ ಉತ್ತರ

ಪ್ರಶ್ನೆ (ಡೊಂಬಿವಲಿಯ ಸದಸ್ಯೆ, ಹೆಸರು ಪ್ರಕಟಿಸಬಾರದೆಂದು ಕೋರಿದ್ದಾರೆ)

ಡಾಕ್ಟರ್ ಮೇಡಂ ಅವರಿಗೆ ನಮಸ್ಕಾರ. ನನಗೆ 36 ವರ್ಷ. ಎರಡು ಹೆರಿಗೆಯಾಗಿದೆ. ಮಗಳಿಗೆ ಏಳು ವರ್ಷ, ಮಗನಿಗೆ ಮೊನ್ನೆಯಷ್ಟೇ ಎರಡು ತುಂಬಿತು. ಇಬ್ಬರಿಗೂ ಒಂದೂವರೆ ವರ್ಷ ದಾಟುವವರೆಗೆ ಎದೆಹಾಲು ಕೊಟ್ಟಿದ್ದೇನೆ. ಮಗನಿಗೆ ಹಾಲು ಬಿಡಿಸಿ ನಾಲ್ಕು ತಿಂಗಳಾಯಿತು. ಈಗ ಸ್ತನಗಳು ಮೇಲ್ಭಾಗದಲ್ಲಿ ಖಾಲಿಯಾದಂತೆ, ಕೆಳಗೆ ಜಾರಿದಂತೆ ಕಾಣುತ್ತವೆ, ಎಡಗಡೆಯದು ಸ್ವಲ್ಪ ಸಣ್ಣದಾಗಿದೆ. ಇಷ್ಟು ದಿನ ಹಾಲು ಕುಡಿಸಿದ್ದರಿಂದಲೇ ಹೀಗಾಯಿತೆಂದು ಅತ್ತೆಯವರು ಹೇಳುತ್ತಾರೆ. ಕ್ಲಿನಿಕ್ಕೊಂದರಲ್ಲಿ ವಿಚಾರಿಸಿದಾಗ ಕೌನ್ಸೆಲರ್ ಒಬ್ಬರು, ವೈದ್ಯರು ನನ್ನನ್ನು ನೋಡುವ ಮೊದಲೇ, ಇಂಪ್ಲಾಂಟ್, ಅಂದರೆ ಸ್ತನ ತುಂಬಿಸಲು ಒಳಗಿಡುವ ಕೃತಕ ಚೀಲ, ಹಾಕಿಸಿಕೊಳ್ಳುವುದೇ ಸರಿಯೆಂದರು. ಈ ತಿಂಗಳೊಳಗೆ ಮುಂಗಡ ಕಟ್ಟಿದರೆ ರಿಯಾಯಿತಿ ಇದೆಯೆಂದೂ ಸೇರಿಸಿದರು. ನಮ್ಮ ಯಜಮಾನರ ಅಡ್ಡಿಯೇನೂ ಇಲ್ಲ, ಆದರೆ ಇದು ಅಗತ್ಯವೇ ಎಂದು ಕೇಳುತ್ತಾರೆ. ನಾನು ಏನು ಮಾಡಬೇಕು?

ಉತ್ತರ

ನಮಸ್ಕಾರ. ಮೊದಲು ಅತ್ತೆಯವರ ಮಾತನ್ನು ತೀರಿಸಿಬಿಡೋಣ, ಏಕೆಂದರೆ ಈ ಮಾತು ಕೇಳಿ ಹಾಲು ಬೇಗ ಬಿಡಿಸಿದ ತಾಯಂದಿರನ್ನೂ ನಾನು ಕಂಡಿದ್ದೇನೆ. ಸ್ತನ ಜಾರುವುದಕ್ಕೆ ಹಾಲೂಡಿಕೆಯೇ ಕಾರಣವೆಂಬುದಕ್ಕೆ ಆಧಾರವಿಲ್ಲ. 2008ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಪರಿಶೀಲಿಸಿತು. ವಯಸ್ಸು, ಬಸಿರುಗಳ ಸಂಖ್ಯೆ, ಮೈತೂಕ, ಮೊದಲಿನಿಂದಲೇ ಇದ್ದ ಸ್ತನದ ಗಾತ್ರ, ಧೂಮಪಾನ ಇವು ಕಾರಣಗಳ ಸಾಲಿನಲ್ಲಿ ಬಂದವು. ಹಾಲು ಕುಡಿಸಿದ್ದು ಬರಲಿಲ್ಲ. ಬಸಿರಿನಲ್ಲಿಯೇ ಹಾರ್ಮೋನುಗಳಿಂದ ಹಾಲಿನ ಗ್ರಂಥಿಗಳು ಬೆಳೆದು, ಚರ್ಮವೂ ಸ್ತನವನ್ನು ಒಳಗಿನಿಂದ ಹಿಡಿದಿರುವ ತಂತುಗಳೂ ಹಿಗ್ಗುತ್ತವೆ. ಹಾಲು ನಿಂತ ಮೇಲೆ ಗ್ರಂಥಿ ಕುಗ್ಗುತ್ತದೆ, ಆದರೆ ಚರ್ಮ ಅದೇ ಪ್ರಮಾಣದಲ್ಲಿ ಹಿಂದಕ್ಕೆ ಬರುವುದಿಲ್ಲ. ಹತ್ತಿ ಕಡಿಮೆಯಾದ ದಿಂಬಿಗೆ ಹಳೆಯ ಗವಸೇ ಉಳಿದಂತೆ. ಒಂದು ದಿನವೂ ಹಾಲು ಕುಡಿಸದ ತಾಯಿಗೂ ಇದು ಆಗುತ್ತದೆ. ಎರಡು ಬದಿಯ ಗಾತ್ರದಲ್ಲಿ ಅಲ್ಪ ವ್ಯತ್ಯಾಸವಿರುವುದು ಬಹುಪಾಲು ಹೆಂಗಸರಲ್ಲಿ ಸಹಜ.

ಎರಡನೆಯದು ಸಮಯದ ವಿಚಾರ. ನಾಲ್ಕು ತಿಂಗಳು ಸಾಲದು. ಗ್ರಂಥಿ ಕುಗ್ಗಿದ ಜಾಗದಲ್ಲಿ ಕೊಬ್ಬು ಮರಳಿ ತುಂಬಿಕೊಳ್ಳುವುದಕ್ಕೆ, ಚರ್ಮ ತನ್ನಿಂದಾದಷ್ಟು ಬಿಗಿಯಾಗುವುದಕ್ಕೆ ಅವಕಾಶ ಕೊಡಬೇಕು. ಹಾಲು ಬಿಡಿಸಿ ಕನಿಷ್ಠ ಆರು ತಿಂಗಳು ಕಳೆದು, ಮೈತೂಕ ಒಂದು ಮಟ್ಟದಲ್ಲಿ ನಿಲ್ಲುವ ಮೊದಲು ನಾನು ಯಾರಿಗೂ ಅಳತೆ ತೆಗೆಯುವುದಿಲ್ಲ. ಆರು ತಿಂಗಳ ನಂತರವೂ ತಾನಾಗಿ ಹಾಲು ಜಿನುಗುತ್ತಿದ್ದರೆ ಪ್ರೊಲ್ಯಾಕ್ಟಿನ್ (ಹಾಲು ಬರಿಸುವ ಹಾರ್ಮೋನು) ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಗಂಟು, ರಕ್ತಮಿಶ್ರಿತ ಸ್ರಾವ, ಹೊಸದಾಗಿ ಒಳಕ್ಕೆ ಸೆಳೆದುಕೊಂಡ ತೊಟ್ಟು, ಇವುಗಳಲ್ಲಿ ಒಂದಾದರೂ ಇದ್ದರೆ ಸೌಂದರ್ಯದ ಮಾತು ಬದಿಗಿರಲಿ, ಮೊದಲು ಸ್ತನರೋಗ ತಜ್ಞರ ಬಳಿ ಹೋಗಿ.

ಇನ್ನು ಮುಖ್ಯ ವಿಷಯ. ಖಾಲಿಯಾಗಿರುವುದು ಬೇರೆ, ಜಾರಿರುವುದು ಬೇರೆ. ಎರಡಕ್ಕೂ ಒಂದೇ ಶಸ್ತ್ರಚಿಕಿತ್ಸೆಯಲ್ಲ. ಕೌನ್ಸೆಲರ್ ನಿಮಗೆ ತಿಳಿಸಬೇಕಾಗಿದ್ದದ್ದು ಇದು, ಆದರೆ ಪರೀಕ್ಷಿಸದೆ ಅದನ್ನು ಯಾರೂ ಹೇಳಲಾರರು. ನಾವು ನಿಮ್ಮನ್ನು ನೆಟ್ಟಗೆ ನಿಲ್ಲಿಸಿ, ಕೈಗಳನ್ನು ಸಡಿಲ ಬಿಡಿಸಿ, ಕತ್ತಿನ ಬುಡದ ಗುಳಿಯಿಂದ ತೊಟ್ಟಿನವರೆಗೆ ಟೇಪಿನಿಂದ ಅಳೆಯುತ್ತೇವೆ. ಆಮೇಲೆ ಸ್ತನದ ಅಡಿಯಲ್ಲಿ, ಅದು ಎದೆಗೆ ಸೇರುವ ಮಡಿಕೆಯ ಮಟ್ಟದಲ್ಲಿ ಬೆರಳಿಟ್ಟು, ಆ ಮಟ್ಟಕ್ಕೆ ತೊಟ್ಟು ಎಲ್ಲಿದೆಯೆಂದು ಬದಿಯಿಂದ ನೋಡುತ್ತೇವೆ. ತೊಟ್ಟು ಮಡಿಕೆಗಿಂತ ಮೇಲಿದ್ದು ಸ್ತನ ಮಾತ್ರ ಬರಿದಾಗಿದ್ದರೆ ತುಂಬುವ ಚಿಕಿತ್ಸೆಯೇ ಸಾಕಾಗಬಹುದು. ತೊಟ್ಟು ಮಡಿಕೆಯ ಮಟ್ಟಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದಿದ್ದರೆ ಬೇಕಾದದ್ದು ಎತ್ತಿ ಬಿಗಿಗೊಳಿಸುವ ಮಾಸ್ಟೋಪೆಕ್ಸಿ. ಅಂಥವರಿಗೆ ಬರೀ ಇಂಪ್ಲಾಂಟ್ ಹಾಕಿದರೆ ಜಾರಿದ ಸ್ತನಕ್ಕೆ ಇನ್ನಷ್ಟು ಭಾರ ಹೇರಿದಂತಾಗುತ್ತದೆ. ಇಂಪ್ಲಾಂಟ್ ಬೇಕೆಂದು ಬರುವ ತಾಯಂದಿರಲ್ಲಿ ಹಲವರಿಗೆ ನಿಜವಾಗಿ ಬೇಕಿರುವುದು ಬಿಗಿಗೊಳಿಸುವಿಕೆ, ಇನ್ನು ಕೆಲವರಿಗೆ ಸರಿಯಾದ ಅಳತೆಯ ಬ್ರಾ ಅಷ್ಟೇ.

ಮಾಸ್ಟೋಪೆಕ್ಸಿಯಲ್ಲಿ ಆಕಾರ ಪಡೆಯುವುದಕ್ಕೆ ತೆರುವ ಬೆಲೆ ಗಾಯದ ಕಲೆ. ತೊಟ್ಟಿನ ಕಪ್ಪು ವರ್ತುಲದ ಸುತ್ತ, ಅಲ್ಲಿಂದ ನೇರ ಕೆಳಗೆ, ಹೆಚ್ಚು ಜಾರಿದ್ದರೆ ಅಡಿಯ ಮಡಿಕೆಯುದ್ದಕ್ಕೂ ಹೊಲಿಗೆಯ ಗೆರೆ ಉಳಿಯುತ್ತದೆ. ಅದು ಕೆಂಪಾಗಿ, ಗಟ್ಟಿಯಾಗಿ ಇದ್ದು ಮಾಸುವುದಕ್ಕೆ ಒಂದರಿಂದ ಒಂದೂವರೆ ವರ್ಷ ಬೇಕು, ಪೂರ್ತಿ ಅಳಿಸಿಹೋಗುವುದಿಲ್ಲ. ನಮ್ಮ ಮೈಬಣ್ಣದವರಲ್ಲಿ ಕಲೆ ಉಬ್ಬುವ ಸಾಧ್ಯತೆ ಹೆಚ್ಚು. ಸಿಸೇರಿಯನ್ ಗಾಯವೋ ಕಿವಿ ಚುಚ್ಚಿಸಿದ ಜಾಗವೋ ಗಂಟುಗಟ್ಟಿದ್ದರೆ ಅದನ್ನು ಸರ್ಜನ್‌ಗೆ ತೋರಿಸಿಯೇ ಮುಂದಿನ ಮಾತು. ತೊಟ್ಟಿನ ಸ್ಪರ್ಶಜ್ಞಾನ ಕೆಲವರಲ್ಲಿ ತಾತ್ಕಾಲಿಕವಾಗಿ, ಕೆಲವರಲ್ಲಿ ಶಾಶ್ವತವಾಗಿ ಕುಂದುತ್ತದೆ.

ಇಂಪ್ಲಾಂಟ್ ವಿಷಯದಲ್ಲಿ ಬೆಲೆ ಬೇರೆ ಬಗೆಯದು: ಅದು ಜೀವನವಿಡೀ ಬಾಳುವ ವಸ್ತುವಲ್ಲ. 36ರಲ್ಲಿ ಹಾಕಿಸಿಕೊಂಡವರು ಮುಂದೆ ಒಮ್ಮೆಯಾದರೂ ಅದನ್ನು ತೆಗೆಸುವ ಅಥವಾ ಬದಲಿಸುವ ಶಸ್ತ್ರಚಿಕಿತ್ಸೆಗೆ ಸಿದ್ಧರಿರಬೇಕು. ಅದರ ಸುತ್ತ ದೇಹ ಕಟ್ಟುವ ಪೊರೆ ಕೆಲವರಲ್ಲಿ ಬಿಗಿದು ಗಟ್ಟಿಯಾಗಿ ನೋಯುತ್ತದೆ. ಸಿಲಿಕೋನ್ ಇಂಪ್ಲಾಂಟ್ ಒಳಗೆ ಒಡೆದರೂ ಹೊರಗೆ ಗೊತ್ತಾಗದಿರಬಹುದು. ಆದುದರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಯಾವ ತೊಂದರೆ ಇಲ್ಲದಿದ್ದರೂ ಹಾಕಿಸಿಕೊಂಡ 5–6 ವರ್ಷಕ್ಕೆ ಮೊದಲ ಸಲ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಿ, ಆಮೇಲೆ 2–3 ವರ್ಷಕ್ಕೊಮ್ಮೆ ಅದನ್ನು ಮುಂದುವರಿಸಲು ಸೂಚಿಸಿದೆ. 2021ರಿಂದ ಅದೇ ಸಂಸ್ಥೆ ಇಂಪ್ಲಾಂಟಿನ ಮಾಹಿತಿಪತ್ರದಲ್ಲಿ ಚೌಕಟ್ಟಿನೊಳಗೆ ಎಚ್ಚರಿಕೆ ಮುದ್ರಿಸುವುದನ್ನೂ, ಶಸ್ತ್ರಚಿಕಿತ್ಸೆಗೆ ಮುನ್ನ ಅಪಾಯಗಳನ್ನು ವಿವರಿಸುವ ಪಟ್ಟಿಯೊಂದನ್ನು ರೋಗಿಯೊಡನೆ ಓದಿ ಸಹಿ ಪಡೆಯುವುದನ್ನೂ ಕಡ್ಡಾಯ ಮಾಡಿತು. ನಮ್ಮಲ್ಲಿ ಆ ಕಾನೂನು ಅನ್ವಯಿಸುವುದಿಲ್ಲವಾದರೂ ಆ ಪಟ್ಟಿಯಲ್ಲಿರುವ ವಿಷಯಗಳನ್ನೇ ನಿಮ್ಮ ಸರ್ಜನ್‌ಗೆ ಕೇಳಬಹುದು. ಇಂಪ್ಲಾಂಟ್ ಬೇಡವೆನ್ನುವವರಿಗೆ ಹೊಟ್ಟೆ ಅಥವಾ ತೊಡೆಯ ಕೊಬ್ಬನ್ನು ತೆಗೆದು ತುಂಬುವ ವಿಧಾನವಿದೆ. ಅದರಲ್ಲಿ ಗಣನೀಯ ಭಾಗ ಕರಗಿಹೋಗುವುದರಿಂದ ಹೆಚ್ಚು ಗಾತ್ರ ನಿರೀಕ್ಷಿಸಬಾರದು.

ಮುಲಾಮು, ಎಣ್ಣೆ, ಮಸಾಜು ಇವುಗಳಿಗೆ ಹಣ ಚೆಲ್ಲಬೇಡಿ. ಸ್ತನದೊಳಗೆ ಅದನ್ನು ಎತ್ತುವ ಸ್ನಾಯುವಿಲ್ಲ, ಹಾಗಾಗಿ ವ್ಯಾಯಾಮದಿಂದ ಅದರ ಕೆಳಗಿನ ಎದೆಯ ಸ್ನಾಯು ಬಲಗೊಳ್ಳುತ್ತದೆಯೇ ಹೊರತು ಸ್ತನ ಮೇಲೇರುವುದಿಲ್ಲ.

ಯಜಮಾನರ ಪ್ರಶ್ನೆಗೆ ಉತ್ತರ: ವೈದ್ಯಕೀಯವಾಗಿ ಅಗತ್ಯವಿಲ್ಲ. ಅಗತ್ಯವಿಲ್ಲದ್ದನ್ನು ಬಯಸುವುದು ತಪ್ಪೆಂದು ನಾನು ಹೇಳುವುದಿಲ್ಲ. ಆ ಬಯಕೆ ನಿಮ್ಮದಾಗಿದ್ದರೆ, ಮಗು ರಾತ್ರಿಯೆಲ್ಲ ಮಲಗುವಂತಾಗಿ ನಿಮ್ಮ ನಿದ್ರೆ, ಮನಸ್ಸು ತಹಬಂದಿಗೆ ಬಂದ ಮೇಲೂ ಉಳಿದಿದ್ದರೆ, ಆಗ ಬನ್ನಿ. ಹೆರಿಗೆಯ ನಂತರದ ಖಿನ್ನತೆ ಇನ್ನೂ ಕಾಡುತ್ತಿದ್ದರೆ ಮೊದಲು ಅದಕ್ಕೆ ಚಿಕಿತ್ಸೆಯಾಗಲಿ. ರಿಯಾಯಿತಿಯ ಗಡುವು ಮಾತ್ರ ನಿರ್ಧಾರಕ್ಕೆ ಕಾರಣವಾಗಬಾರದು. ಕತ್ತರಿ ಹಿಡಿಯುವವರು ಎಂಎಸ್ ನಂತರ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಪಡೆದವರೇ, ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲಿನಲ್ಲಿ ನೋಂದಣಿಯಿದೆಯೇ, ಅರಿವಳಿಕೆ ತಜ್ಞರು ಯಾರು, ರಾತ್ರಿ ರಕ್ತಸ್ರಾವವಾದರೆ ಯಾರು ಬರುತ್ತಾರೆ ಎಂದು ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕುವ ಕಡೆ ಮುಂಗಡ ಕಟ್ಟಬೇಡಿ.

ಪ್ರಶ್ನೆ (ಮುಲುಂಡ್‌ನ ಸದಸ್ಯೆ)

ನನಗೆ 31 ವರ್ಷ, ಒಂದು ಮಗು. ಎರಡನೆಯದರ ಬಗ್ಗೆ ಇನ್ನೂ ತೀರ್ಮಾನಿಸಿಲ್ಲ. ಈಗ ಮಾಡಿಸಿಕೊಂಡರೆ ಮುಂದೆ ಹಾಲು ಕುಡಿಸಲು ಆಗುವುದೇ?

ಉತ್ತರ

ಮಾಸ್ಟೋಪೆಕ್ಸಿಯಾದ ಮೇಲೆ ಮತ್ತೆ ಬಸಿರಾದರೆ ಸ್ತನ ಮತ್ತೆ ಹಿಗ್ಗಿ ಕುಗ್ಗುತ್ತದೆ, ಮಾಡಿಸಿದ್ದರ ಬಹುಪಾಲು ವ್ಯರ್ಥವಾಗಬಹುದು. ಹಾಲಿನ ನಾಳ ಮತ್ತು ನರಗಳಿಗೆ, ವಿಶೇಷವಾಗಿ ತೊಟ್ಟಿನ ವರ್ತುಲದ ಸುತ್ತ ಕೊಯ್ದಾಗ, ಪೆಟ್ಟಾಗುವ ಸಂಭವವಿರುವುದರಿಂದ ಹಾಲು ಕಡಿಮೆಯಾಗಬಹುದು. ಅನೇಕರು ನಂತರವೂ ಹಾಲು ಕುಡಿಸುತ್ತಾರೆ ನಿಜ, ಆದರೆ ನಿಮಗೆ ಹಾಗೆ ಆಗುತ್ತದೆಂದು ಮೊದಲೇ ಭರವಸೆ ಕೊಡಲಾರೆ. ಎರಡನೆಯ ಮಗುವಿನ ವಿಚಾರ ತೀರ್ಮಾನವಾಗುವವರೆಗೆ ಕಾಯಿರಿ.

ಪ್ರಶ್ನೆ (ಠಾಣೆಯ ಸದಸ್ಯೆ)

ಮೇಡಂ, ನನ್ನ ತೊಂದರೆ ತಿರುಗುಮುರುಗು. ಎರಡನೇ ಬಾಣಂತನದ ನಂತರ ಸ್ತನಗಳು ಬಹಳ ಭಾರವಾಗಿವೆ. ಬ್ರಾ ಪಟ್ಟಿಯಿಂದ ಭುಜದಲ್ಲಿ ಗುಳಿ ಬಿದ್ದಿದೆ, ಕತ್ತು ನೋವು ಬಿಡುವುದಿಲ್ಲ, ಇಲ್ಲಿಯ ಮಳೆಗಾಲದಲ್ಲಿ ಅಡಿಯಲ್ಲಿ ಬೆವರು ನಿಂತು ಪ್ರತಿವರ್ಷ ಹುಣ್ಣಾಗುತ್ತದೆ. ವಿಮೆಯಿಂದ ಖರ್ಚು ಸಿಗುವುದೇ?

ಉತ್ತರ

ನಿಮ್ಮದನ್ನು ನಾನು ಸೌಂದರ್ಯದ ಪ್ರಶ್ನೆಯೆಂದು ಎಣಿಸುವುದಿಲ್ಲ. ಸ್ತನದ ಗಾತ್ರ ಕಡಿಮೆ ಮಾಡುವ ಶಸ್ತ್ರಚಿಕಿತ್ಸೆ ಕತ್ತು, ಭುಜ, ಬೆನ್ನಿನ ನೋವಿಗೆ ನಿಜವಾದ ಪರಿಹಾರ ಕೊಡುತ್ತದೆ. ಆದರೆ ನಮ್ಮ ವಿಮಾ ನಿಯಮಗಳ ಸಾಮಾನ್ಯ ಹೊರಗಿಡುವಿಕೆಯಲ್ಲಿ ಕಾಸ್ಮೆಟಿಕ್ ಮತ್ತು ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆ ಸೇರಿದೆ; ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಪುನರ್ರಚನೆ, ಮತ್ತು ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯ ನಿವಾರಿಸಲು ವೈದ್ಯಕೀಯವಾಗಿ ಅಗತ್ಯವಾದದ್ದಕ್ಕೆ ಮಾತ್ರ ವಿನಾಯಿತಿ. ಈ ಕೊನೆಯ ಕಲಮಿನಡಿ ನಿಮ್ಮ ಅರ್ಜಿ ಒಪ್ಪಿತವಾಗುವುದು ಸುಲಭವಲ್ಲ. ಆದರೂ ಚರ್ಮತಜ್ಞರ ಚೀಟಿಗಳು, ಮೂಳೆತಜ್ಞರ ಟಿಪ್ಪಣಿ, ಹುಣ್ಣಿನ ಫೋಟೋ ಎಲ್ಲವನ್ನೂ ಕೂಡಿಸಿಟ್ಟು, ಶಸ್ತ್ರಚಿಕಿತ್ಸೆಗೆ ಮೊದಲೇ ಲಿಖಿತ ಉತ್ತರ ಕೇಳಿ. ಕೇವಲ ಸೌಂದರ್ಯಕ್ಕಾಗಿ ಮಾಡಿಸುವವರು ಜಿಎಸ್‌ಟಿಯನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು. ಕ್ಲಿನಿಕ್ಕುಗಳು ಹೇಳುವ ಮೊತ್ತದಲ್ಲಿ ಇದು ಹಲವು ಸಲ ಇರುವುದಿಲ್ಲ.

ಇನ್ನೊಂದು ಮಾತು, ಎಲ್ಲರಿಗೂ. ತಂಬಾಕಿನ ಅಭ್ಯಾಸವಿದೆಯೇ ಎಂದರೆ ನಮ್ಮ ಹೆಂಗಸರು ಇಲ್ಲವೆನ್ನುತ್ತಾರೆ. ಬೆಳಿಗ್ಗೆ ಹಲ್ಲಿಗೆ ಏನು ತಿಕ್ಕುತ್ತೀರಿ ಎಂದರೆ ಕೆಲವರು ಮಿಶ್ರಿ ಎನ್ನುತ್ತಾರೆ. ಈ ನಾಡಿನಲ್ಲಿ ನೆಲೆಸಿದ ಮೇಲೆ ನೆರೆಹೊರೆಯಿಂದ ಕಲಿತ ಅಭ್ಯಾಸವದು, ಹುರಿದ ತಂಬಾಕಿನ ಪುಡಿಯೇ ಅದು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಸುತ್ತದೆ. ಎತ್ತುವ ಅಥವಾ ಚಿಕ್ಕದು ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ತೊಟ್ಟು ಬದುಕುವುದು ಅಂಥ ಸಣ್ಣ ನಾಳಗಳ ರಕ್ತದಿಂದಲೇ. ಕನಿಷ್ಠ ನಾಲ್ಕು ವಾರ ಮೊದಲು ಬಿಟ್ಟು, ಗಾಯ ಮಾಯುವವರೆಗೆ ಮುಟ್ಟದೆ ಇರುವ ಭರವಸೆ ಇಲ್ಲದಿದ್ದರೆ ನಾನು ಕತ್ತರಿ ಹಿಡಿಯುವುದಿಲ್ಲ. ಹಿಮೋಗ್ಲೋಬಿನ್ ಕೂಡ ನೋಡಿಸಿ. ಎರಡು ಬಾಣಂತನ ಕಳೆದವರಲ್ಲಿ ರಕ್ತಹೀನತೆ ಬಹಳ ಸಾಮಾನ್ಯ.

ಪ್ರಶ್ನೆ (ಡೊಂಬಿವಲಿಯ ಸದಸ್ಯೆ, ಪುನಃ)

ವಿವರವಾಗಿ ತಿಳಿಸಿದ್ದಕ್ಕೆ ಧನ್ಯವಾದ ಮೇಡಂ. ಸದ್ಯಕ್ಕೆ ಕಾಯುತ್ತೇನೆ. ಮುಂದೆ ಮಾಡಿಸುವುದಾದರೆ ಕ್ಯಾನ್ಸರಿನ ಭಯ ಇಟ್ಟುಕೊಳ್ಳಬೇಕೇ? ಮಗನನ್ನು ಎತ್ತಿಕೊಳ್ಳುವುದು, ಆಫೀಸಿಗೆ ಹೋಗುವುದು ಯಾವಾಗಿನಿಂದ ಆದೀತು?

ಉತ್ತರ

ಸಾಮಾನ್ಯ ಸ್ತನ ಕ್ಯಾನ್ಸರ್ ಇಂಪ್ಲಾಂಟಿನಿಂದ ಹೆಚ್ಚುವುದಿಲ್ಲ. ಆದರೆ ಇಂಪ್ಲಾಂಟಿನ ಸುತ್ತಲಿನ ಪೊರೆಯಲ್ಲಿ ಹುಟ್ಟುವ ಅಪರೂಪದ ಲಿಂಫೋಮಾ (ರೋಗನಿರೋಧಕ ಕಣಗಳ ಕ್ಯಾನ್ಸರ್) ಒಂದಿದೆ. ಅದು ಮುಖ್ಯವಾಗಿ ಮೇಲ್ಮೈ ಒರಟಾಗಿರುವ ಇಂಪ್ಲಾಂಟುಗಳಿಗೆ ಸಂಬಂಧಿಸಿದ್ದು, ಈ ಕಾರಣಕ್ಕೆ 2019ರ ಜುಲೈಯಲ್ಲಿ ಅಲರ್ಗಾನ್ ಕಂಪನಿ ತನ್ನ ಬಯೋಸೆಲ್ ಮಾದರಿಯನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಿತು. ವರ್ಷಗಳ ನಂತರ ಒಂದು ಬದಿ ಏಕಾಏಕಿ ಊದಿಕೊಂಡರೆ ಅಸಡ್ಡೆ ಮಾಡಬಾರದು. ಯಾವ ಕಂಪನಿಯ, ಯಾವ ಸಂಖ್ಯೆಯ ಇಂಪ್ಲಾಂಟ್ ಎಂಬ ಕಾರ್ಡನ್ನು ಆಸ್ಪತ್ರೆಯಿಂದ ಕೇಳಿ ಪಡೆದು ಜೋಪಾನವಾಗಿಡಿ. ಮುಂದೆ ಮ್ಯಾಮೊಗ್ರಾಮ್ ಮಾಡಿಸುವಾಗ ಇಂಪ್ಲಾಂಟ್ ಇದೆಯೆಂದು ಮೊದಲೇ ಹೇಳಬೇಕು. ಅದನ್ನು ಹಿಂದಕ್ಕೆ ಸರಿಸಿ ಹೆಚ್ಚುವರಿ ಚಿತ್ರಗಳನ್ನು ತೆಗೆಯುತ್ತಾರೆ. ಶಸ್ತ್ರಚಿಕಿತ್ಸೆಯಾಗಲಿ ಬಿಡಲಿ, ತರಬೇತಿ ಪಡೆದವರ ಕೈಯಿಂದ ಆಗಾಗ ಪರೀಕ್ಷೆ ಮಾಡಿಸಿಕೊಳ್ಳಿ. ನಮ್ಮ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಎರಡು ದಶಕ ಈ ಊರಿನಲ್ಲೇ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ವರ್ಷಕ್ಕೊಮ್ಮೆ ಹೀಗೆ ಕೈಯಿಂದ ಪರೀಕ್ಷಿಸಿದ್ದರಿಂದ 50 ದಾಟಿದ ಹೆಂಗಸರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು 30 ಪ್ರತಿಶತ ಕಡಿಮೆಯಾಗಿತ್ತು.

ಚೇತರಿಕೆಯ ಬಗ್ಗೆ: ಕುಳಿತು ಮಾಡುವ ಕೆಲಸಕ್ಕೆ ಒಂದೆರಡು ವಾರದಲ್ಲಿ ಮರಳಬಹುದು, ಆದರೆ ನಿಮ್ಮ ವಿಷಯದಲ್ಲಿ ಕೆಲಸಕ್ಕಿಂತ ಪ್ರಯಾಣವೇ ಕಷ್ಟ. ಡೊಂಬಿವಲಿಯಿಂದ ಬೆಳಗಿನ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಮೇಲಿನ ಹಿಡಿಯನ್ನು ಹಿಡಿದು, ಎದೆಗೆ ಎದೆ ಒತ್ತಿ ನಿಲ್ಲುವುದನ್ನು ಆರು ವಾರ ನಾನು ಒಪ್ಪುವುದಿಲ್ಲ. ಅಷ್ಟು ದಿನ ಮನೆಯಿಂದ ಕೆಲಸ ಮಾಡಲು ಅನುಮತಿ ಪಡೆಯಿರಿ, ಇಲ್ಲವೇ ಗರ್ದಿ ಇಳಿದ ಮೇಲಿನ ಗಾಡಿ ಹಿಡಿಯಿರಿ. ಮಗನನ್ನು ನೆಲದಿಂದ ಎತ್ತುವುದು ನಾಲ್ಕರಿಂದ ಆರು ವಾರ ಬೇಡ; ನೀವು ಕುಳಿತಿರುವಾಗ ಅವನೇ ಬಂದು ತೊಡೆಯ ಮೇಲೆ ಕೂರಬಹುದು. ಮೊದಲ ಎರಡು ವಾರವಾದರೂ ಊರಿನಿಂದ ಅಮ್ಮನನ್ನೋ ಅಕ್ಕನನ್ನೋ ಕರೆಸಿಕೊಳ್ಳಿ. ಸಾಧ್ಯವಾದರೆ ದಿನಾಂಕವನ್ನು ಮಳೆಗಾಲ, ಏಪ್ರಿಲ್–ಮೇ ಸೆಕೆ ಎರಡನ್ನೂ ತಪ್ಪಿಸಿ ಡಿಸೆಂಬರ್–ಜನವರಿಗೆ ಇಟ್ಟುಕೊಳ್ಳಿ, ಏಕೆಂದರೆ ಹಗಲುರಾತ್ರಿ ತೊಡಬೇಕಾದ ಬಿಗಿ ಸರ್ಜಿಕಲ್ ಬ್ರಾದೊಳಗೆ ಬೆವರು ನಿಂತರೆ ಹೊಲಿಗೆ ಒಣಗುವುದಿಲ್ಲ.