ಸಹಾಯ ಬೇಕು: ಪೈಥಾನ್ ಕ್ಲಾಸಿನಲ್ಲಿ ಒಬ್ಬರ ಲೆಕ್ಕ ಇನ್ನೊಬ್ಬರಿಗೂ ಸೇರುತ್ತಿದೆ

ಎಲ್ಲರಿಗೂ ನಮಸ್ಕಾರ. ಪೈಥಾನ್ ಬಲ್ಲವರು ಸ್ವಲ್ಪ ನೋಡಿ.

ಹಾಲಿನ ಡೈರಿಯ ಲೆಕ್ಕಕ್ಕೆ 'ಸದಸ್ಯ' ಅಂತ ಒಂದು ಕ್ಲಾಸ್ ಬರೆಯುತ್ತಿದ್ದೇನೆ. ಹೊಸ ಆಬ್ಜೆಕ್ಟ್ ಮಾಡಿದಾಗ ತಾನಾಗೇ ಓಡುವ __ಇನಿಟ್__ಗೆ ಸೆಲ್ಫ್ (ಆ ಆಬ್ಜೆಕ್ಟೇ) ಬಿಟ್ಟರೆ ಎರಡು ಪ್ಯಾರಾಮೀಟರ್: ಹೆಸರು, ಹಾಲು=[] (ಏನೂ ಕೊಡದಿದ್ದರೆ ಡಿಫಾಲ್ಟ್ ಆಗಿ ಖಾಲಿ ಲಿಸ್ಟ್). ಒಳಗೆ ಎರಡೇ ಸಾಲು:

ಸೆಲ್ಫ್.ಹೆಸರು = ಹೆಸರು
ಸೆಲ್ಫ್.ಹಾಲು = ಹಾಲು

(ಪೈಥಾನ್ 3ರಲ್ಲಿ ವೇರಿಯಬಲ್‌ಗೆ ಕನ್ನಡದ ಹೆಸರೂ ನಡೆಯುತ್ತದೆ, ಅದು ಬೇರೆ ಮಾತು.)

ಬಲಗಡೆ ಇರುವುದು ಪ್ಯಾರಾಮೀಟರ್, ಇನಿಟ್ ಮುಗಿದರೆ ಅದರ ಕೆಲಸ ಮುಗಿಯಿತು. ಎಡಗಡೆಯದು ಆಬ್ಜೆಕ್ಟ್ ಜೊತೆ ಉಳಿಯುವ ಅಟ್ರಿಬ್ಯೂಟ್. ಇಷ್ಟು ಗೊತ್ತು. ತೊಡಕು ಎರಡನೇ ಸಾಲಿನಲ್ಲಿದೆ.

ಅ = ಸದಸ್ಯ("ಗೌರಮ್ಮ")
ಬ = ಸದಸ್ಯ("ಸಿದ್ದಪ್ಪ")
ಅ.ಹಾಲು.ಅಪೆಂಡ್(6)

ಇಷ್ಟು ಮಾಡಿ ಬ.ಹಾಲು ಪ್ರಿಂಟ್ ಮಾಡಿದರೆ ಅಲ್ಲೂ [6]! ಗೌರಮ್ಮ ಹಾಕಿದ ಹಾಲು ಸಿದ್ದಪ್ಪನ ಲೆಕ್ಕಕ್ಕೂ ಜಮೆ. ಆಬ್ಜೆಕ್ಟಿನ ಗುರುತಿನ ನಂಬರ್ ಕೊಡುವ ಐಡಿ ಫಂಕ್ಷನ್ ಹಾಕಿ ನೋಡಿದೆ, ಎರಡೂ ಲಿಸ್ಟಿಗೆ ಒಂದೇ ನಂಬರ್. ಹೆಸರು ಮಾತ್ರ ಸರಿಯಾಗಿ ಬೇರೆ ಬೇರೆ ಇದೆ.

ಡಿಫಾಲ್ಟ್ ಲಿಸ್ಟ್ ತಯಾರಾಗುವುದು ಇನಿಟ್ ಶುರುವಾಗುವ ಡೆಫ್ ಸಾಲು ಓಡಿದಾಗ ಒಂದೇ ಸಲ, ಪ್ರತಿ ಆಬ್ಜೆಕ್ಟಿಗೂ ಹೊಸದಾಗಿ ಅಲ್ಲ ಅಂತ ಓದಿದೆ. ಹಾಗಿದ್ದರೆ ಹಾಲು=None (ಅಂದರೆ 'ಏನೂ ಇಲ್ಲ') ಅಂತ ಕೊಟ್ಟು, ಒಳಗೆ ಇಫ್ ಹಾಕಿ ಹೊಸ ಲಿಸ್ಟ್ ಮಾಡಬೇಕಾ? ಅಥವಾ ಆ ಪ್ಯಾರಾಮೀಟರನ್ನೇ ತೆಗೆದು, ಸುಮ್ನೆ ಸೆಲ್ಫ್.ಹಾಲು = [] ಅಂತ ಬರೆದರೆ ಸಾಕಾ? ಹೊಸ ಸದಸ್ಯರ ಲೆಕ್ಕ ಖಾಲಿಯಿಂದಲೇ ಶುರುವಾಗೋದು ಅಲ್ವಾ, ನನಗೆ ಎರಡನೆಯದೇ ಇಷ್ಟ.

ಆದರೆ ಹಳೇ ಲೆಕ್ಕವನ್ನು ಫೈಲಿನಿಂದ ಓದಿ ತುಂಬಿಸುವುದೂ ಇದೆ. ಆಗ ಹೊರಗಿನ ಲಿಸ್ಟನ್ನು ಹಾಗೇ ಇಟ್ಟುಕೊಳ್ಳಬಹುದಾ, ಇಲ್ಲ ಲಿಸ್ಟ್(ಹಾಲು) ಅಂತ ನಕಲು ಮಾಡಿಕೊಳ್ಳಬೇಕಾ? ನೀವು ಯಾವ ರೀತಿ ಬರೆಯುತ್ತೀರಿ, ಕಾರಣದ ಜೊತೆ ಹೇಳಿದರೆ ಉಪಕಾರ.