ಜನವರಿಯಲ್ಲಿ ಕೇಲಾಂಗ್‌ಗೆ ಪಿಕಪ್ ಒಯ್ಯುವುದಿದೆ: ಹಿಮಕ್ಕೆ ಗಾಡಿಯನ್ನು ಹೇಗೆ ಸಜ್ಜುಗೊಳಿಸಬೇಕು?

ಪ್ರಶ್ನೆ (ಹುಬ್ಬಳ್ಳಿಯಿಂದ):
ಎಲ್ಲರಿಗೂ ನಮಸ್ಕಾರ. ನನ್ನಲ್ಲಿ ಫೋರ್ ವ್ಹೀಲ್ ಡ್ರೈವ್ ಇರುವ ಡೀಸೆಲ್ ಪಿಕಪ್ ಇದ್ದು, ಜನವರಿ ಕೊನೆಯಲ್ಲಿ ತಮ್ಮನೊಡನೆ ಹಿಮಾಚಲ ಪ್ರದೇಶದ ಮನಾಲಿಯಿಂದ ಅಟಲ್ ಸುರಂಗ ದಾಟಿ ಕೇಲಾಂಗ್‌ವರೆಗೆ ಹೋಗಿಬರುವ ವಿಚಾರವಿದೆ. ಮಳೆಗಾಲದಲ್ಲಿ ನವಲಗುಂದದ ಕಡೆಯ ಎರೆಹೊಲದ ದಾರಿಗಳಲ್ಲಿ ಗಾಡಿ ಹೊಡೆದು ರೂಢಿಯಿದೆಯೇ ಹೊರತು ಹಿಮವನ್ನು ಕಣ್ಣಾರೆ ಕಂಡವನಲ್ಲ. ಗ್ಯಾರೇಜಿನಲ್ಲಿ ವಿಚಾರಿಸಿದರೆ, ‘ಫೋರ್ ವ್ಹೀಲ್ ಇದೆಯಲ್ಲ, ಚಿಂತೆ ಏಕೆ’ ಎಂದರು. ಆದರೆ ರೇಡಿಯೇಟರ್ ಮುಚ್ಚಳ ತೆಗೆದು ನೋಡಿದಾಗ ಒಳಗಿದ್ದದ್ದು ಬರೀ ನಲ್ಲಿ ನೀರು. ಇಲ್ಲಿಯೇ ಮಾಡಿಸಿಕೊಂಡು ಹೊರಡಬೇಕಾದ ಕೆಲಸಗಳು ಯಾವುವು? ಎರೆಮಣ್ಣಿನಲ್ಲಿ ಮಾಡುವಂತೆ ಟಯರ್ ಗಾಳಿ ಇಳಿಸಬೇಕೆ?

ಉತ್ತರ 1 (ಧಾರವಾಡದಿಂದ):
ಸೇನೆಯಲ್ಲಿ ಚಾಲಕನಾಗಿ ಕೆಲವು ಚಳಿಗಾಲಗಳನ್ನು ಲಡಾಖ್‌ನಲ್ಲಿ ಕಳೆದವನು ನಾನು. ಮೊದಲು ಆ ನೀರನ್ನು ಪೂರ್ತಿ ಬಸಿದು ತೆಗೆಸಿರಿ. ನೀರು ಹೆಪ್ಪುಗಟ್ಟಿದಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುವುದರಿಂದ ಒಂದೇ ರಾತ್ರಿಯಲ್ಲಿ ಎಂಜಿನ್ ಬ್ಲಾಕ್ ಬಿರುಕು ಬಿಡಬಹುದು. ಎಥಿಲೀನ್ ಗ್ಲೈಕಾಲ್ ಕೂಲಂಟ್ ಮತ್ತು ಶುದ್ಧ ನೀರನ್ನು ಸಮಪಾಲು ಬೆರೆಸಿದರೆ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ. ಕಡು ಚಳಿಯಲ್ಲಿ ಬ್ಯಾಟರಿಯ ಶಕ್ತಿ ಸುಮಾರು ಅರ್ಧಕ್ಕೆ ಇಳಿಯಬಹುದು. ಮೂರು ವರ್ಷ ದಾಟಿದ ಬ್ಯಾಟರಿಯಾದರೆ ಇಲ್ಲಿಯೇ ಬದಲಿಸಿರಿ. ಡೀಸೆಲ್‌ನಲ್ಲಿರುವ ಮೇಣ ಕಡು ಚಳಿಯಲ್ಲಿ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುವುದರಿಂದ ಹೊಸ ಫಿಲ್ಟರ್ ಹಾಕಿಸಿ, ಒಂದನ್ನು ಜೊತೆಗೂ ಇಟ್ಟುಕೊಳ್ಳಿರಿ.

ಇನ್ನು ಮುಖ್ಯವಾದ ಮಾತು. ಖಾಲಿ ಪಿಕಪ್‌ನ ಭಾರ ಹೆಚ್ಚಾಗಿ ಮುಂದೆ, ಎಂಜಿನ್ ಇರುವ ಕಡೆ ಬೀಳುತ್ತದೆ. ಹಿಂದಿನ ಚಕ್ರಗಳು ನೆಲವನ್ನು ಸಾಕಷ್ಟು ಒತ್ತುವುದಿಲ್ಲ. ಆದ್ದರಿಂದ ಹಿಂದಿನ ಆ್ಯಕ್ಸಲ್‌ನ ಮೇಲೆ ಬರುವಂತೆ ನಾಲ್ಕೈದು ಉಸುಕಿನ ಚೀಲಗಳನ್ನಿಟ್ಟು ಹಗ್ಗದಿಂದ ಬಿಗಿಯಾಗಿ ಕಟ್ಟಿರಿ. ಉಸುಕು ಒಣಗಿರಬೇಕು, ಏಕೆಂದರೆ ಹಸಿ ಉಸುಕು ರಾತ್ರಿ ಕಳೆಯುವುದರೊಳಗೆ ಕಲ್ಲಾಗಿ, ಚಕ್ರ ಜಾರಿದಾಗ ಕೆಳಗೆ ಎರಚಲು ಒಂದು ಹಿಡಿಯೂ ಸಿಗುವುದಿಲ್ಲ. ಹುಬ್ಬಳ್ಳಿಯಿಂದಲೇ ಹೊತ್ತೊಯ್ಯಬೇಡಿರಿ; ಅಲ್ಲಿಯವರೆಗೆ ಡೀಸೆಲ್ ಸುಟ್ಟು ಉಸುಕು ಸಾಗಿಸಿದಂತಾದೀತು.

ಉತ್ತರ 2 (ಗದಗದಿಂದ):
ಗಾಳಿಯನ್ನು 18 ಪಿಎಸ್‌ಐಗೆ ಇಳಿಸಿರಿ. ನಮ್ಮ ಹೊಲದ ದಾರಿಯಲ್ಲಿ ಅದರಿಂದಲೇ ಎಷ್ಟೋ ಸಲ ಪಾರಾಗಿದ್ದೇನೆ.

ಉತ್ತರ 3 (ಹಾವೇರಿಯಿಂದ):
ಗದಗದ ಮಿತ್ರರ ಅನುಭವವನ್ನು ಅಲ್ಲಗಳೆಯುವುದಿಲ್ಲ, ಆದರೆ ಅದು ಸಡಿಲ ನೆಲಕ್ಕೆ ಸಲ್ಲುವ ಮಾತು. ಯಂತ್ರದಿಂದ ಹಿಮ ಸರಿಸಿದ ರಸ್ತೆಯಲ್ಲಿ ಟಯರ್‌ಗೆ ಕಂಪನಿ ಹೇಳಿದ ಗಾಳಿಯೇ ಇರಬೇಕು. ಉಷ್ಣಾಂಶ ಐದಾರು ಡಿಗ್ರಿ ಇಳಿದರೆ ಸುಮಾರು ಒಂದು ಪಿಎಸ್‌ಐ ತಾನಾಗಿಯೇ ಕುಗ್ಗುವುದರಿಂದ, ಹುಬ್ಬಳ್ಳಿಯಲ್ಲಿ ತುಂಬಿಸಿದ್ದು ಕೇಲಾಂಗ್‌ನ ಬೆಳಗ್ಗೆ ಕಡಿಮೆಯೇ ಇರುತ್ತದೆ. ಅಲ್ಲಿ ಮತ್ತೆ ಅಳೆದು ತುಂಬಿಸಬೇಕಾಗುತ್ತದೆ. ಎರೆಮಣ್ಣು ಟಯರ್‌ನ ಹಲ್ಲುಗಳಲ್ಲಿ ತುಂಬಿದರೆ ಗಾಡಿ ಕೆಟ್ಟಿತೆಂದೇ ಲೆಕ್ಕ, ಆದರೆ ಹಿಮ ತುಂಬಿದರೆ ಅದು ಕೆಳಗಿನ ಹಿಮವನ್ನೇ ಕಚ್ಚಿ ಹಿಡಿಯುತ್ತದೆ. ನೀರ್ಗಲ್ಲಿನ ಮೇಲೆ ಮಾತ್ರ ಯಾವ ಹಲ್ಲೂ ನಾಟದು. ಅಲ್ಲಿಗೆ ಸರಪಳಿಯೇ ಬೇಕು. ಟಯರ್ ಬದಿಯಲ್ಲಿ ಬರೆದಿರುವ ಅಳತೆಗೆ ಒಪ್ಪುವ ಸರಪಳಿ ಕೊಂಡು, ಮನೆಯ ಅಂಗಳದಲ್ಲಿ ಕೈಗವಸು ಹಾಕಿಕೊಂಡೇ ಎರಡು ಸಲ ತೊಡಿಸಿ ಬಿಚ್ಚಿರಿ. ಅದು ಯಾವ ಚಕ್ರಗಳಿಗೆ ಎಂಬುದನ್ನು ಗಾಡಿಯ ಕೈಪಿಡಿಯಲ್ಲಿ ನೋಡಿಕೊಳ್ಳಿರಿ. ಸರಪಳಿ ಹಾಕಿದ ಮೇಲೆ ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. 9.02 ಕಿ.ಮೀ. ಉದ್ದದ ಸುರಂಗದಂಥ ಒಣ ರಸ್ತೆ ಬಂದರೆ ಬಿಚ್ಚಬೇಕು.

ಫೋರ್ ವ್ಹೀಲ್ ಡ್ರೈವ್ ಗಾಡಿಯನ್ನು ಎಳೆಯುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಬ್ರೇಕ್ ನಾಲ್ಕು ಚಕ್ರಗಳಿಗೂ ಎಲ್ಲ ಗಾಡಿಗಳಲ್ಲಿ ಇದ್ದದ್ದೇ. ಇಳಿಜಾರಿನಲ್ಲಿ ಎರಡನೆಯ ಗೇರಿಗೆ ಮೊದಲೇ ಇಳಿಯಿರಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಕೂಲಂಟ್ ಕೆಲಸ ನಾಳೆಯೇ ಮಾಡಿಸುತ್ತೇನೆ. ರಾತ್ರಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯಬಹುದೆ?

ಉತ್ತರ 1:
ಎಳೆಯಬೇಡಿರಿ, ಒದ್ದೆಯಾದ ಬ್ರೇಕ್ ಹೆಪ್ಪುಗಟ್ಟಿ ಹಿಡಿದುಕೊಳ್ಳುತ್ತದೆ. ಸಮತಟ್ಟಾದ ಜಾಗ ನೋಡಿ, ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಡಿರಿ. ಬೆಳಗ್ಗೆ ಎಂಜಿನ್ ಚಾಲು ಮಾಡುವ ಮುನ್ನ ಸೈಲೆನ್ಸರ್ ಬಾಯಿಯಲ್ಲಿ ಹಿಮ ತುಂಬಿದೆಯೇ ನೋಡಿರಿ. ಮುಚ್ಚಿದ್ದರೆ ಹೊಗೆ ಕ್ಯಾಬಿನ್ ಒಳಗೇ ಬರುತ್ತದೆ.