ಜರ್ಮನ್ ಅಷ್ಟಕ್ಕಷ್ಟೇ, ಸೇವಾ ಮಾಡಾಕ ಕರಕೊಂತಾರೇನ್ರೀ?

ಹಾವೇರಿಯಾಕಿ:
ನಮಸ್ಕಾರ್ರೀ. ಸ್ಟುಟ್‌ಗಾರ್ಟ್ ಹತ್ರ ಒಂದು ಸಣ್ಣ ಊರಾಗ ಅದೀವಿ, ಬಂದು ಎಂಟು ತಿಂಗಳಾತು. ನಮ್ಮನಿಯವರು ಮುಂಜಾನೆ ಹೋದ್ರ ಸಂಜಿಗೇ ಬರೋದು. ಜರ್ಮನ್ ಭಾಷಾದ ಮೊದಲ ಹಂತ ಎ1 ಪಾಸಾಗೇನಿ, ಎರಡನೇದು ಎ2 ಕ್ಲಾಸಿಗೆ ಹೊಂಟೀನಿ. ಆದ್ರ ಬ್ರೆಡ್ಡಿನ ಅಂಗಡ್ಯಾಗ ಆಕಿ ತಿರುಗಿ ಒಂದು ಮಾತು ಕೇಳಿದ್ರ ಸಾಕು, ಕಲ್ತದ್ದೆಲ್ಲಾ ಮರತು ಹೋಗ್ತೇತಿ. ಕನ್ನಡದ ಮಂದಿ ಅದಾರ, ಯುಗಾದಿಗೆ, ದೀಪಾವಳಿಗೆ ಕೂಡ್ತೀವಿ. ಉಳಿದ ದಿನ? ಓಣ್ಯಾಗ ಒಬ್ಬರ ಹೆಸರೂ ಗೊತ್ತಿಲ್ಲ. ಎಲ್ಲ್ಯರ ಸ್ವಯಂಸೇವಕಿ ಅಂತ ಹೋಗಬೇಕಂತೀನಿ. ಇಷ್ಟು ಭಾಷಾದಾಗ ಕರಕೊಂತಾರೇನ್ರೀ? ಅಲ್ಲಿ ಹೋಗಿ ಮಂದಿಗೆ ಅಡ್ಡ ಆದೇನು ಅಂತ ಹೆದರಿಕಿ.

ಕೊಪ್ಪದ ಮಳೆ:
ಹೋಗು ಮಾರಾಯ್ತಿ. ನಾನೂ ಅದೇ ಕಡೆ ಇರೋದು, ಐದನೇ ವರ್ಷ. ನಾನು ಹೋಗೋದು ಟಾಫೆಲ್‌ಗೆ. ಊಟದ ಮೇಜು ಅಂತ ಅರ್ಥ. 1993ರಲ್ಲಿ ಬರ್ಲಿನ್ನಲ್ಲಿ ಶುರುವಾಗಿದ್ದು, ಈಗ ದೇಶದ ತುಂಬ 900ಕ್ಕೂ ಹೆಚ್ಚು ಇವೆ. ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದ, ಆದರೆ ತಿನ್ನೋಕಡ್ಡಿಯಿಲ್ಲದ ತರಕಾರಿ, ಬ್ರೆಡ್ಡು, ಮೊಸರು ತಂದು, ಆರಿಸಿ, ಕಡಿಮೆ ವರಮಾನದವರಿಗೆ ಕೊಡ್ತಾರೆ.

ಮೊದಲ ದಿನವೇ ನನ್ನ ಮಾನ ಹೋಯ್ತು. "ಹಾಲ್ಬ್ ನೊಯ್ನ್"ಗೆ ಬಾ ಅಂದಿದ್ರು. ಹಾಲ್ಬ್ ಅಂದ್ರೆ ಅರ್ಧ, ನೊಯ್ನ್ ಅಂದ್ರೆ ಒಂಬತ್ತು. ಒಂಬತ್ತೂವರೆಗೆ ಸರಿಯಾಗಿ ಹೋಗಿ ನಿಂತೆ. ಅದು ಎಂಟೂವರೆ! ಒಂಬತ್ತಾಗೋಕೆ ಅರ್ಧ ಗಂಟೆ ಅನ್ನೋ ಲೆಕ್ಕ ಅವರದ್ದು. ಅಷ್ಟೊತ್ತಿಗೆ ವ್ಯಾನ್ ಬಂದು ಕ್ರೇಟೆಲ್ಲ ಇಳಿಸಿ ಆಗಿತ್ತು. ಯಾರೂ ಬೈಲಿಲ್ಲ. ಒಬ್ಬ ಅಜ್ಜಿ ಕೈಗೆ ಗ್ಲೌಸ್ ಕೊಟ್ಟು ಟೊಮೆಟೊ ತೋರಿಸಿದ್ರು. ಕೊಳೆತದ್ದು ಈ ಬಕೆಟ್ಟಿಗೆ, ಒಳ್ಳೇದು ಆ ಕ್ರೇಟಿಗೆ. ಅದಕ್ಕೆ ಯಾವ ವ್ಯಾಕರಣ ಬೇಕು?

ಸುಳ್ಳು ಹೇಳಲ್ಲ, ಎರಡು ತಿಂಗಳು ಬರೀ "ಯಾ, ಯಾ". ಎಲ್ಲರೂ ಬ್ರೆಟ್ಸೆಲ್ ತಿಂತಾ ಹರಟೋವಾಗ ನಾನು ಫೋನ್ ನೋಡ್ತಾ ಕೂರ್ತಿದ್ದೆ. ಅವರಾಡೋದು ಶ್ವೇಬಿಷ್, ಈ ಕಡೆಯ ಆಡುಮಾತು, ನಮ್ಮ ಕ್ಲಾಸಿನ ಜರ್ಮನ್ ಅಲ್ಲ. ನಾವು "ಬಿಸ್‌ಶೆನ್" (ಸ್ವಲ್ಪ) ಅಂತ ಕಲಿತರೆ ಇವರು "ಬಿಸ್ಲೆ" ಅಂತಾರೆ. ಮಾತು ಮಾತಿಗೆ ಕೊನೇಲಿ "ಗೆಲ್?" ಅದು ನಮ್ಮ "ಅಲ್ವಾ?" ಅಂತ ಹೊಳೆದ ಮೇಲೆ ಎಷ್ಟೋ ಹಗುರಾಯ್ತು. ಗೆಲ್ ಬಂದ್ರೆ ತಲೆ ಆಡಿಸಿದ್ರಾಯ್ತು!

ನನ್ನ ಬಾಯಿ ಬಿಡಿಸಿದ್ದು ನವಿಲುಕೋಸು. ಇಲ್ಲಿ ಕೋಲ್‌ರಾಬಿ ಅಂತಾರೆ. ಎಲೆ ಮುರಿದು ಕಸಕ್ಕೆ ಹಾಕ್ತಿದ್ರು, ನೋಡೋಕಾಗದೆ "ನೈನ್, ನೈನ್!" (ಬೇಡ, ಬೇಡ!) ಅಂತ ಕೂಗೇಬಿಟ್ಟೆ. ಮುಂದಿನ ವಾರ ಅದೇ ಎಲೆಯ ಪಲ್ಯ, ಕಾಯಿತುರಿ ಹಾಕಿ, ಡಬ್ಬೀಲಿ ಒಯ್ದೆ. ಅಜ್ಜಿ ಮೂಸಿ ನೋಡಿ, ತಿಂದು, ಮಾಡೋದು ಹೇಗೆ ಅಂದ್ರು. ಒಗ್ಗರಣೆಗೆ "ಜೆನ್ಫ್" ಅಂದೆ. ಜೆನ್ಫ್ ಅಂದ್ರೆ ಇಲ್ಲಿಯವರಿಗೆ ಟ್ಯೂಬಿನ ಸಾಸಿವೆ ಪೇಸ್ಟು. ಪಾಪ, ಅದನ್ನೇ ಕಾದ ಎಣ್ಣೆಗೆ ಹಿಂಡಿದ್ರಂತೆ. ಅಡುಗೆಮನೆ ಗೋಡೆಯ ಫೋಟೋ ತಂದು ತೋರಿಸಿದ್ರು. ಅವತ್ತು ನಾನೂ ಅವರೂ ನಕ್ಕಿದ್ದಕ್ಕೆ ಲೆಕ್ಕವಿಲ್ಲ. ಈಗ ಎಲೆಯೆಲ್ಲ ನನಗೇ ಎತ್ತಿಡ್ತಾರೆ.

ಹೋಗೋಕೆ ಮುಂಚೆ ಪೊಟ್ಟಣದ ಮೇಲಿನ ಎರಡು ಮಾತು ಕಲಿತುಕೋ. "ಮಿಂಡೆಸ್ಟೆನ್ಸ್ ಹಾಲ್ಟ್‌ಬಾರ್" ಅಂದ್ರೆ ಕನಿಷ್ಠ ಅಲ್ಲೀತನಕ ಚೆನ್ನಾಗಿರುತ್ತೆ ಅಂತ, ಆ ತಾರೀಖು ದಾಟಿದ್ರೂ ನೋಡಿ, ಮೂಸಿ ಕೊಡಬಹುದು. "ತ್ಸು ಫೆರ್‌ಬ್ರೌಖೆನ್ ಬಿಸ್" ಅಂದ್ರೆ ಅಷ್ಟರೊಳಗೆ ಬಳಸಬೇಕು ಅಂತ, ಅದು ದಾಟಿದ್ರೆ ಕಸಕ್ಕೇ.

ಮೈಸೂರು ಬೋಂಡ:
ಮೇಡಂ, ನೆದರ್‌ಲ್ಯಾಂಡ್ಸ್‌ನಲ್ಲಿ ಉಲ್ಟಾ ಕಷ್ಟ. ನಾವು ಡಚ್ ಶುರು ಮಾಡಿದ್ರೆ ಅವರು ಇಂಗ್ಲಿಷಿಗೆ ಹಾರ್ತಾರೆ. ನಾನು ತಿಂಗಳಿಗೊಂದು ಶನಿವಾರ ರಿಪೇರಿ ಕೆಫೆಗೆ ಹೋಗ್ತೀನಿ, ಜನ ತರೋ ಕೆಟ್ಟ ಸಾಮಾನನ್ನ ಸ್ವಯಂಸೇವಕರು ಸರಿಮಾಡಿಕೊಡೋ ಜಾಗ (2009ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಹುಟ್ಟಿದ್ದು, ಜರ್ಮನಿಯಲ್ಲೂ ಬೇಕಾದಷ್ಟಿವೆ). ಟೋಸ್ಟರ್ ಬಿಚ್ಚಿ ಕೂತಾಗ ಕೈ ತೋರಿಸಿದ್ರೆ ಮುಗೀತು. ಆದರೆ ಸ್ನೇಹ ಮನೆತನಕ ಬರುತ್ತೆ ಅಂತ ಕಾಯಬೇಡಿ. ಮೂರು ವರ್ಷದಲ್ಲಿ ನನ್ನನ್ನ ಕಾಫಿಗೆ ಕರೆದವರು ಒಬ್ಬರೇ, ಅದೂ ಅವರ ಮನೆ ವಾಷಿಂಗ್ ಮೆಷಿನ್ ಕೆಟ್ಟಿದ್ದಾಗ.

ಕೊಪ್ಪದ ಮಳೆ:
@ಬೋಂಡ ಅದೂ ನಿಜ ಅನ್ನಿ. ನಮ್ಮಜ್ಜಿಯ ಮನೆ ಒಳಗೆ ನಾನಿನ್ನೂ ಕಾಲಿಟ್ಟಿಲ್ಲ. ಆದರೆ ಜ್ವರ ಅಂತ ಒಂದು ವಾರ ತಪ್ಪಿಸಿದ್ರೆ ಫೋನ್ ಬರುತ್ತೆ, ನನಗೆ ಅಷ್ಟು ಸಾಕು.

ಹಾವೇರಿಯಾಕಿ:
ಅಕ್ಕಾರ, ನಮ್ಮೂರಿನ ಟಾಫೆಲ್‌ಗೆ ಇ-ಮೇಲ್ ಹಾಕಿದ್ದೆ, ಇವತ್ತ ಉತ್ತರ ಬಂತು. ಬುಧವಾರ "ಹಾಲ್ಬ್ ಆಖ್ಟ್"ಗೆ ಬಾ ಅಂದಾರ.

ಏಳೂವರಿ, ಗೆಲ್?